ಸೊರಬದ ಕಾನು ಬೆಂಗಳೂರಿನಿಂದ ಕಾಣುತ್ತದೆಯೇ?

ಸೊರಬ ತಾಲ್ಲೂಕಿನ ತಾಯಿಯೊಬ್ಬರ ಪತ್ರ: 'ಮಗಳು ಬೆಂಗಳೂರಿನ ದೊಡ್ಡ ವಿಶ್ವವಿದ್ಯಾಲಯದಲ್ಲಿ ಭೂಗೋಳ ಎಂ.ಎ. ಮುಗಿಸಿ ಈಗ ಪಿಎಚ್.ಡಿ.ಗೆ ಸೇರಿದ್ದಾಳೆ. ವಿಷಯ ನಮ್ಮ ಕಡೆಯ ಕಾನುಗಳು, ಅಂದರೆ ಊರ ಪಕ್ಕದ ನಿತ್ಯಹಸಿರು ಕಾಡುಗಳು. ಊರಿಗೆ ಬಾ ಅಂದರೆ, ಎಲ್ಲ ಉಪಗ್ರಹದ ಚಿತ್ರದಲ್ಲೇ ಸಿಗತ್ತಮ್ಮ ಅಂತಾಳೆ. ನಾನು ಏಳನೇ ಕ್ಲಾಸು ಓದಿದವಳು, ನನಗೇನು ಗೊತ್ತು? ಅವಳು ಹೇಳೋದು ಸರೀನಾ?'

ಅಕ್ಕಾ, ಮೊದಲ ತಕರಾರು ನಿಮ್ಮ ಮೇಲೇ. 'ನನಗೇನು ಗೊತ್ತು' ಅಂತ ಇನ್ನೊಮ್ಮೆ ಬರೆಯಬೇಡಿ. ಯಾವ ಗದ್ದೆಗೆ ಯಾವ ಹಳ್ಳದ ನೀರು, ಅದು ಯಾವ ತಿಂಗಳು ಬತ್ತುತ್ತದೆ, ಕಾನಿನ ಯಾವ ಮಗ್ಗುಲಲ್ಲಿ ಉಪ್ಪಾಗೆ ಮರ ಜಾಸ್ತಿ, ಇದೆಲ್ಲ ನಿಮಗೆ ಗೊತ್ತು. ಭೂಗೋಳ ಅಂದರೆ ಇದೇ.

ಮಗಳ ಮಾತು ಪೂರ್ತಿ ತಪ್ಪಲ್ಲ. ಅಲ್ಲಿ ಲ್ಯಾಬ್ ಇದೆ, ಲೈಬ್ರರಿ ಇದೆ, ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ವಿದ್ಯೆ, ಕಲಿಸುವವರಿದ್ದಾರೆ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ಭೂಮಿಯ ಚಿತ್ರ ತೆಗೆಯುತ್ತಿವೆ. ಅಂದಿನ ಕಾಡು, ಇಂದಿನ ಕಾಡು ಪಕ್ಕಪಕ್ಕ ಇಟ್ಟು ನೋಡಬಹುದು. ಅದನ್ನು ಕಲಿಯಲಿ.

ಆದರೆ ಅದರ ಈಗಿನ ಚಿತ್ರದಲ್ಲೂ ಒಂದು ಚೌಕ ಎಷ್ಟು ದೊಡ್ಡದು ಗೊತ್ತಾ? 30 ಮೀಟರ್ ಉದ್ದ, 30 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಸುಮಾರು 9 ಗುಂಟೆ. ನಿಮ್ಮ ಮನೆ, ಕೊಟ್ಟಿಗೆ, ಬಾವಿ, ಒಂದಿಷ್ಟು ತೋಟ ಎಲ್ಲ ಸೇರಿ ಅಲ್ಲಿ ಒಂದೇ ಬಣ್ಣ. ಮೇಲಿನಿಂದ ನೋಡಿದರೆ ಕಾನೂ ಹಸಿರು, ಅಡಿಕೆ ತೋಟವೂ ಹಸಿರು, ಅಕೇಶಿಯಾ ನೆಡುತೋಪೂ ಹಸಿರು. ಮಳೆಗಾಲದಲ್ಲಿ ಮೋಡ ಮುಚ್ಚಿದರೆ ಅದೂ ಕಾಣುವುದಿಲ್ಲ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಬ್ಬ ಸಂಶೋಧನಾ ವಿದ್ಯಾರ್ಥಿಯ ಜೊತೆ ಸಾಗರದ ಕಡೆ ತಿರುಗಿದ್ದೆ. ಅವನ ನಕ್ಷೆಯಲ್ಲಿ 'ದಟ್ಟ ಕಾಡು' ಅಂತಿದ್ದ ಜಾಗಕ್ಕೆ ಹೋದರೆ ಅಡಿಕೆ ತೋಟ! ಮರ ಹತ್ತುವ ಕೊನೆಗೌಡರು ಅಡಿಕೆ ಗೊನೆ ಇಳಿಸುತ್ತಿದ್ದರು. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೂರು ವಾರ ಇಲ್ಲೇ ಉಳಿದ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ಯಾವುದು, ಹುಲ್ಲುಗಾವಲಿನ ಬ್ಯಾಣ ಯಾವುದು, ಕಾನು ಯಾವುದು ಅಂತ ಊರವರನ್ನು ಕೇಳಿ ಕೇಳಿ ನಕ್ಷೆ ತಿದ್ದಿದ. ಅವನ ಮೇಲೆ ನನಗೆ ತುಂಬಾ ಗೌರವ.

ತಪ್ಪು ಈ ಮಕ್ಕಳದ್ದೂ ಅಲ್ಲ, ಭೂಗೋಳ ಕಲಿಸುವ ರೀತಿಯದ್ದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ, ಶಿವಮೊಗ್ಗ ಪೇಟೆಯಲ್ಲಿ ಸಾವಿರದ ಆಸುಪಾಸು. ನಡುವೆ ನೂರು ಕಿಲೋಮೀಟರ್ ಕೂಡ ಇಲ್ಲ. ಕಡಲ ಗಾಳಿ ಘಟ್ಟ ಹತ್ತುತ್ತಾ ತಣ್ಣಗಾಗಿ ನೀರನ್ನೆಲ್ಲ ಅಲ್ಲೇ ಸುರಿಸುತ್ತದೆ, ಇತ್ತ ಬರುವಾಗ ಹಗುರಾಗಿರುತ್ತದೆ. ಬಸ್ಸಿನ ಕಿಟಕಿಯಲ್ಲೇ ಕಾಣುವ ಪಾಠ ಇದು. ಆದರೂ ಶಾಲೆಯಲ್ಲಿ ಭೂಗೋಳ ಅಂದರೆ ರಾಜಧಾನಿಗಳ ಪಟ್ಟಿ, ನಕ್ಷೆಗೆ ಬಣ್ಣ. ಅಮೆಜಾನ್ ನದಿಯ ಉದ್ದ ಉರು ಹೊಡೆಸುತ್ತಾರೆ. ಶರಾವತಿ ಹುಟ್ಟುವ ಅಂಬುತೀರ್ಥಕ್ಕೆ ಒಂದು ದಿನ ಕರೆದುಕೊಂಡು ಹೋಗುವುದಿಲ್ಲ. ಹೀಗೆ ಕಲಿತ ಮಗು ಮುಂದೆ ಕಂಪ್ಯೂಟರ್ ಬಿಟ್ಟು ಯಾಕೆ ಏಳುತ್ತದೆ ಹೇಳಿ? ಇನ್ನು ಥೀಸಿಸ್ ಬರೆಯುವುದು ಇಂಗ್ಲಿಷಿನಲ್ಲಿ. ಕಾನಿನ ಮೇಲೆ ಬರೆದದ್ದು ಕಾನಿನ ಪಕ್ಕದ ಮನೆಗೆ ತಲುಪುವುದೇ ಇಲ್ಲ. ನನಗೆ ಇದು ದೊಡ್ಡ ನೋವು.

ದೀಪಾವಳಿಗೆ ಮಗಳು ಬರುತ್ತಾಳೆ ಅಲ್ವಾ? ಒಂದು ಬೆಳಿಗ್ಗೆ ಕಾನಿಗೆ ಕರೆದುಕೊಂಡು ಹೋಗಿ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ಅವಳ ಕೈಯಲ್ಲಿರಲಿ. ನಕ್ಷೆಯಲ್ಲಿ ಹೆಸರಿಲ್ಲದ ಹಳ್ಳ, ದಿಬ್ಬಗಳಿಗೆಲ್ಲ ನೀವು ಹೆಸರು ಹೇಳಿ, ಅವಳು ಬರೆದುಕೊಳ್ಳಲಿ. ರಕ್ತ ಹೀರುವ ಇಂಬಳ (ಜಿಗಣೆ) ಇನ್ನೂ ಇದ್ದಾವು, ಬಿಡಿಸಲು ಸುಣ್ಣ ಹೊಗೆಸೊಪ್ಪು ಮರೆಯಬೇಡಿ. ಆ ಹೆಸರುಗಳ ಪಟ್ಟಿ ನಮಗೂ ಕಳಿಸಿ, ಪತ್ರಿಕೆಯಲ್ಲಿ ಹಾಕುತ್ತೇನೆ.