ಲ್ಯೂಟಿನ್ ಮಾತ್ರೆ ತಗೊಂಡರೆ ಎಲ್‌ಎಚ್ ಹಾರ್ಮೋನ್ ಏರುತ್ತದೆಯೇ?

ಇಲ್ಲ. ಪಿಸಿಒಎಸ್ (ಹಾರ್ಮೋನ್ ಏರುಪೇರಾಗಿ ಅಂಡಾಶಯಕ್ಕೆ ಬರುವ ತೊಂದರೆ) ಇದ್ದು ರಿಪೋರ್ಟಿನಲ್ಲಿ ಎಲ್‌ಎಚ್ ಜಾಸ್ತಿ ಬಂದಿದೆ ಎಂಬ ಕಾರಣಕ್ಕೆ, ಕಣ್ಣಿಗೆಂದು ಕೊಟ್ಟ ಲ್ಯೂಟಿನ್ ನಿಲ್ಲಿಸಬೇಕಿಲ್ಲ. ಅದು ಕ್ಯಾರೊಟಿನಾಯ್ಡ್ ಬಳಗದ ಹಳದಿ ವರ್ಣದ್ರವ್ಯ. ಸೊಪ್ಪಿನಲ್ಲಿ, ಮೊಟ್ಟೆಯ ಹಳದಿಯಲ್ಲಿ ಇದ್ದೇ ಇರುತ್ತದೆ. ಮಾತ್ರೆಗೆ ಹೆಚ್ಚಾಗಿ ಚೆಂಡುಹೂವಿನಿಂದ ತೆಗೆಯುತ್ತಾರೆ. ಎಲ್‌ಎಚ್, ಅಂದರೆ ಲ್ಯೂಟಿನೈಸಿಂಗ್ ಹಾರ್ಮೋನ್, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ತಯಾರಿಸುವ ಪ್ರೋಟೀನು.

ಎರಡರ ಹೆಸರಿನ ನಂಟು ಅಂಡಾಶಯದಿಂದ ಬಂದದ್ದು. ಎಲ್‌ಎಚ್ ಒಮ್ಮೆಲೇ ಏರಿದಾಗ ಅಂಡ ಹೊರಬೀಳುತ್ತದೆ. ಅಂಡವಿದ್ದ ಕೋಶಕ (ಪುಟ್ಟ ಚೀಲ) ಕ್ಯಾರೊಟಿನಾಯ್ಡ್ ತುಂಬಿಕೊಂಡು ಹಳದಿ ಗಂಟಾಗುತ್ತದೆ. ಇದೇ ಕಾರ್ಪಸ್ ಲ್ಯೂಟಿಯಂ, ಅಂದರೆ ಲ್ಯಾಟಿನ್‌ನಲ್ಲಿ ಹಳದಿ ಕಾಯ. ಗರ್ಭ ನಿಲ್ಲಲು ಬೇಕಾದ ಪ್ರೊಜೆಸ್ಟರಾನ್ ಹಾರ್ಮೋನ್ ಬರುವುದು ಇಲ್ಲಿಂದಲೇ, ಬಣ್ಣಕ್ಕಿಂತ ಮುಖ್ಯವಾದದ್ದು ಈ ಕೆಲಸ. ಗರ್ಭ ನಿಲ್ಲದಿದ್ದರೆ ಸುಮಾರು 14 ದಿನಕ್ಕೆ ಗಂಟು ಕುಗ್ಗಿ, ಪ್ರೊಜೆಸ್ಟರಾನ್ ಇಳಿದು, ಮುಟ್ಟಾಗುತ್ತದೆ.