ಅಡುಗೆ ಕಟ್ಟೆಯಷ್ಟು ಎತ್ತರದ ಕಾರನ್ನು ಮನೆಯಲ್ಲಿ ಕಟ್ಟಬಹುದಾ?

ಪ್ರಶ್ನೆ: ಸರ್, ನಮ್ಮದು ಹುಬ್ಬಳ್ಳಿ. ನನಗೆ ವೆಲ್ಡಿಂಗ್ ಬರುತ್ತದೆ, ಮನೆ ಹಿಂದೆ ಒಂದು ಶೆಡ್ ಇದೆ, ಅದರಲ್ಲಿ ಹಳೆಯ ಮಾರುತಿ 800 ನಿಂತಿದೆ. 1970ರ ಲ್ಯಾನ್ಸಿಯಾ ಸ್ಟ್ರಾಟೋಸ್ ಝೀರೋ ಕಾನ್ಸೆಪ್ಟ್ ಕಾರಿನ ನಕಲು ಮಾಡಬೇಕು, ಅದು ಓಡಲೂ ಬೇಕು ಅಂತ ಬಹಳ ದಿನದ ಆಸೆ. ಬಾಡಿಯಿಂದ ಶುರು ಮಾಡಲೋ, ಛಾಸಿಯಿಂದಲೋ (ಅಡಿಯ ಚೌಕಟ್ಟಿನಿಂದಲೋ)?

ಉತ್ತರ: ಎರಡೂ ಬೇಡ, ಸೀಟಿನಿಂದ ಶುರು ಮಾಡಿ.

ಯಾಕೆ ಅಂತ ಹೇಳುತ್ತೇನೆ. ಝೀರೋ ಎತ್ತರ 84 ಸೆಂ.ಮೀ. ನಿಮ್ಮ ಅಡುಗೆಮನೆ ಕಟ್ಟೆ ಪಕ್ಕ ಹೋಗಿ ನಿಂತು ನೋಡಿ, ಹೆಚ್ಚುಕಮ್ಮಿ ಅಷ್ಟೇ. ನಿಮ್ಮ 800 ಕಾರು 140 ಸೆಂ.ಮೀ. ಇದೆ. ಆ ಕಟ್ಟೆಯ ಎತ್ತರದೊಳಗೆ ರಸ್ತೆಯಿಂದ ನೆಲದ ತಗಡಿಗೆ ಬೇಕಾದ ಗ್ಯಾಪು, ಸೀಟು, ನೀವು, ನಿಮ್ಮ ತಲೆ, ತಲೆಯ ಮೇಲಿನ ಗಾಜು ಎಲ್ಲವೂ ಹಿಡಿಸಬೇಕು. ಅದಕ್ಕೇ ಪ್ಲೈವುಡ್ಡಿನಲ್ಲಿ ಒಂದು ಡಮ್ಮಿ ಮಾಡಿ: ನೆಲ, ಒರಗಿದ ಸೀಟು, ಪೆಡಲ್ ಜಾಗಕ್ಕೆ ಒಂದು ಮರದ ತುಂಡು, ಮೇಲೆ ಗಾಜಿನ ಬದಲು ಒಂದು ಹಲಗೆ. ಅದರಲ್ಲಿ ಅರ್ಧ ಗಂಟೆ ಮಲಗಿ. ಹೌದು, ಮಲಗಿ ಅಂತಲೇ ಹೇಳಿದ್ದು, ಇದರಲ್ಲಿ ಕೂರೋಕೆ ಆಗಲ್ಲ. ಕುತ್ತಿಗೆ ಹಿಡಿದುಕೊಂಡರೆ ಈ ಯೋಜನೆಗೆ ನೀವು ಕಳೆದುಕೊಂಡಿದ್ದು ಎರಡು ಪ್ಲೈವುಡ್ ಶೀಟು ಮಾತ್ರ.

ಈ ಕಾರಿಗೆ ಅಕ್ಕಪಕ್ಕ ಬಾಗಿಲಿಲ್ಲ, ಗೊತ್ತಲ್ವಾ? ಮುಂದಿನ ಗಾಜೇ ಬಾಗಿಲು. ಅದನ್ನು ಮೇಲಕ್ಕೆತ್ತಿ, ಸ್ಟೀರಿಂಗ್ ಮುಂದಕ್ಕೆ ಬಾಗಿಸಿ, ಮೂತಿ ಮೇಲೆ ಕಾಲಿಟ್ಟು ಒಳಗೆ ಇಳಿಯಬೇಕು. ನೋಡೋಕೆ ಬಲು ಚೆಂದ. ಆದರೆ ಒಳಗೆ ಹೊಗೆ ತುಂಬಿಕೊಂಡಾಗ ಅದೇ ಗಾಜನ್ನು ಒಳಗಿನಿಂದ ಎತ್ತಿ ಬರಬೇಕು. ಹಾಗಾಗಿ ಹಿಂಜಿನ ಪಿನ್ನುಗಳು ಒಳಗಿನಿಂದಲೂ ಎಳೆದರೆ ಬರುವಂತಿರಲಿ. ಡಿಕ್ಕಿ ಎತ್ತುವ ಗ್ಯಾಸ್ ಶಾಕನ್ನೇ ನಂಬಿ ಕೂರಬೇಡಿ. ಗಾಜಂತೂ ಲ್ಯಾಮಿನೇಟೆಡ್ ಗಾಜೇ ಇರಲಿ. ಅಕ್ರಿಲಿಕ್ ಹಾಕಿದರೆ ಎರಡೇ ತಿಂಗಳಲ್ಲಿ ಗೀರು ಬಿದ್ದು, ಎದುರಿನ ಲೈಟ್ ಬಂದಾಗ ಏನೂ ಕಾಣಲ್ಲ.

ಅಳತೆಯ ವಿಷಯ. ಬೆರ್ಟೋನೆ ಕಂಪನಿಗಾಗಿ ಮಾರ್ಚೆಲ್ಲೊ ಗಾಂದಿನಿ ಬರೆದ ವಿನ್ಯಾಸ ಇದು, 1970ರ ಟ್ಯೂರಿನ್ ಶೋನಲ್ಲಿ ತೋರಿಸಿದ್ದು. ಉದ್ದ 358 ಸೆಂ.ಮೀ., ಅಗಲ 187. ಉದ್ದ ಗೊತ್ತಿದ್ದರೆ ಸಾಕು, ಪಕ್ಕದಿಂದ ತೆಗೆದ ಫೋಟೋವನ್ನು ಕಾರು 35.8 ಸೆಂ.ಮೀ. ಬರುವಂತೆ ಪ್ರಿಂಟ್ ತೆಗೆಸಿ. ಹತ್ತರಲ್ಲಿ ಒಂದಂಶದ ನಕ್ಷೆ ಸಿಕ್ಕಂತಾಯಿತು. ದೂರದಿಂದ ಜೂಮ್ ಮಾಡಿ ತೆಗೆದ ಫೋಟೋನೇ ಹುಡುಕಿ. ಹತ್ತಿರದಿಂದ ತೆಗೆದದ್ದರಲ್ಲಿ ಚಕ್ರ ಕ್ಯಾಮೆರಾಗೆ ಹತ್ತಿರ ಇರುತ್ತದೆ, ಗಾಜಿನ ನಡುಗೆರೆ ದೂರ ಇರುತ್ತದೆ, ಎರಡನ್ನೂ ಒಂದೇ ಸ್ಕೇಲಿನಲ್ಲಿ ಅಳೆದರೆ ಮೋಸ ಹೋಗುತ್ತೀರಿ. ಆಮೇಲೆ ಜೇಡಿಮಣ್ಣಿನಲ್ಲಿ ಚಿಕ್ಕ ಮಾದರಿ ಮಾಡಿ, ಬ್ರೆಡ್ ಹೋಳು ಮಾಡಿದ ಹಾಗೆ ಸೆಂಟಿಮೀಟರಿಗೊಂದು ಗೆರೆ ಹಾಕಿ. ಒಂದೊಂದು ಗೆರೆಯ ಆಕಾರವನ್ನೂ ಹತ್ತು ಪಟ್ಟು ದೊಡ್ಡದು ಮಾಡಿ ಪ್ಲೈವುಡ್ಡಿನಲ್ಲಿ ಕತ್ತರಿಸಿ ನಿಲ್ಲಿಸಿದರೆ ಬಾಡಿಯ ಪಕ್ಕೆಲುಬು ರೆಡಿ.

ನೀವು ಆರಡಿ ಆಳಾದರೆ 84 ಸಾಲದು. ಎತ್ತರ ಒಂದನ್ನೇ ಹೆಚ್ಚಿಸಿದರೆ ಆ ಚಾಕುವಿನಂಥ ಆಕಾರವೇ ಹೋಗಿ ಬೂಟಿನ ಥರ ಕಾಣುತ್ತದೆ. ಎಲ್ಲವನ್ನೂ ಶೇ. 5 ಹಿಗ್ಗಿಸಿ: ಎತ್ತರ 88, ಉದ್ದ 376, ಅಗಲ 196. ಯಾರ ಕಣ್ಣಿಗೂ ಗೊತ್ತಾಗಲ್ಲ. ಶೇ. 10ಕ್ಕೆ ಹೋದರೆ ಅಗಲ 2 ಮೀಟರ್ ದಾಟುತ್ತದೆ. ಶೆಡ್ಡಿನ ಬಾಗಿಲು ಮೊದಲು ಅಳೆದಿಟ್ಟುಕೊಳ್ಳಿ!

ಇನ್ನು ನಿಮ್ಮ 800. ಇಲ್ಲೊಂದು ಖುಷಿಯ ವಿಷಯ ಇದೆ. ಅಸಲಿ ಝೀರೋದಲ್ಲಿ ಇದ್ದದ್ದು ಲ್ಯಾನ್ಸಿಯಾ ಫುಲ್ವಿಯಾದ 1.6 ಲೀಟರ್ ವಿ4 ಎಂಜಿನ್. ಫುಲ್ವಿಯಾ ಮುಂದಿನ ಚಕ್ರ ತಿರುಗಿಸುವ ಕಾರು, ಅದರ ಎಂಜಿನ್ನನ್ನು ಬೆರ್ಟೋನೆಯವರು ಸೀಟಿನ ಹಿಂದಕ್ಕೆ ತಂದು ಕೂರಿಸಿದರು. ನೀವು 800 ಎಂಜಿನ್ನಿಗೆ ಮಾಡಬೇಕಾದದ್ದೂ ಅದೇ ಕೆಲಸ. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಎಲ್ಲ ಒಟ್ಟಿಗೆ, ಮುಖ ತಿರುಗಿಸದೆ ಇದ್ದ ದಿಕ್ಕಿನಲ್ಲೇ ಹಿಂದಕ್ಕೆ ಸರಿಸಿ. ಮುಖ ತಿರುಗಿಸಿ ಇಟ್ಟಿರೋ, ಮುಂದಕ್ಕೆ ಹೋಗೋಕೆ ಒಂದೇ ಗೇರು, ಉಳಿದದ್ದೆಲ್ಲ ರಿವರ್ಸ್.

ಎಲ್ಲರೂ ಎಡವುವುದು ಟೈ ರಾಡ್ ಹತ್ತಿರ, ಅಂದರೆ ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಸರಳಿನ ಹತ್ತಿರ. ಮುಂದಿನ ಹಬ್ (ಚಕ್ರ ಕೂರುವ ಭಾಗ) ಹಿಂದಕ್ಕೆ ಬಂದರೂ ಅದಕ್ಕೆ ಸ್ಟೀರಿಂಗ್ ತೋಳು ಇದ್ದೇ ಇರುತ್ತದೆ. ಅದನ್ನು ಫ್ರೇಮಿಗೆ ಗಟ್ಟಿಯಾಗಿ ಕಟ್ಟದಿದ್ದರೆ ಹಿಂದಿನ ಚಕ್ರಗಳು ತಮ್ಮಷ್ಟಕ್ಕೆ ತಾವೇ ತಿರುಗುತ್ತವೆ. ನನ್ನ ಮೊದಲ ಗಾಡಿಯಲ್ಲಿ ಇದಕ್ಕೆ 3 ಮಿ.ಮೀ. ತಗಡಿನ ಬ್ರಾಕೆಟ್ ಸಾಕು ಅಂದುಕೊಂಡಿದ್ದೆ. ಖಾಲಿ ಮೈದಾನದಲ್ಲಿ 40ರಲ್ಲಿ ಬ್ರೇಕ್ ಒತ್ತಿದೆ, ಗಾಡಿ ನಾಯಿ ಬಾಲದಂತೆ ಹಿಂದೆ ಅಲ್ಲಾಡಿ ಅಡ್ಡ ನಿಂತಿತು. ಇಳಿದು ನೋಡಿದರೆ ಬ್ರಾಕೆಟ್ ಹಪ್ಪಳದ ಹಾಗೆ ಮಡಚಿಕೊಂಡಿದೆ. ಈಗ 6 ಮಿ.ಮೀ. ಪ್ಲೇಟು, ಎರಡೂ ಕಡೆ ಗಸೆಟ್ಟು (ಮೂಲೆಗೆ ಆಸರೆಯ ತ್ರಿಕೋನ ತಗಡು), ಅದಿಲ್ಲದೆ ನಾನು ಕೀ ತಿರುಗಿಸಲ್ಲ.

ಮುಂದಿನ ಸಸ್ಪೆನ್ಷನ್ ಮಾತ್ರ 800ರದ್ದು ನಡೆಯಲ್ಲ. ಅದರ ಸ್ಟ್ರಟ್ (ಸ್ಪ್ರಿಂಗು, ಶಾಕ್ ಒಟ್ಟಿಗಿರುವ ಕಂಬ) ಉದ್ದ, ಝೀರೋದ ಮೂತಿಯೋ ತೆಳು, ಬಾನೆಟ್ಟಿನಿಂದ ಹೊರಗೇ ಇಣುಕುತ್ತದೆ. ಮೇಲೊಂದು ಕೆಳಗೊಂದು ಎ ಆಕಾರದ ತೋಳು, ಅಂದರೆ ವಿಶ್‌ಬೋನ್ ಮಾಡಿಸಿ ಗಿಡ್ಡ ಶಾಕ್ ಹಾಕಬೇಕು. ಇದೊಂದನ್ನು ಅನುಭವ ಇರುವವರ ಕೈಲೇ ಮಾಡಿಸಿ.

ಪ್ರಶ್ನೆ: ಶಿವಮೊಗ್ಗದಿಂದ ಬರೆಯುತ್ತಿದ್ದೇನೆ. ಥರ್ಮೋಕೋಲ್ ಕೆತ್ತಿ ಬಾಡಿ ಆಕಾರ ಮಾಡಿ ಫೈಬರ್ ಹಾಕಿದೆ. ರೆಸಿನ್ ತಾಗಿದ ಕೂಡಲೇ ಥರ್ಮೋಕೋಲ್ ಕರಗಿ ಗುಂಡಿ ಬಿತ್ತು. ಏನು ತಪ್ಪು?

ಉತ್ತರ: ನಿಮ್ಮ ತಪ್ಪಲ್ಲ, ಸ್ಟೈರೀನಿನದು. ನಮ್ಮಲ್ಲಿ ಅಗ್ಗಕ್ಕೆ ಸಿಗುವ ಪಾಲಿಯೆಸ್ಟರ್ ರೆಸಿನ್ನಿನಲ್ಲಿ ಅದು ಇರುತ್ತದೆ, ಥರ್ಮೋಕೋಲನ್ನು ತಿಂದುಹಾಕುತ್ತದೆ. ಒಂದೋ ಎಪಾಕ್ಸಿ ಹಾಕಿ, ಅದು ದುಬಾರಿ. ಇಲ್ಲವೇ ಥರ್ಮೋಕೋಲ್ ಬದಲು ಪಿಯು (ಪಾಲಿಯುರೆಥೇನ್) ಫೋಮ್ ಬಳಸಿ.

ನೀವು ಕೇಳದ ಒಂದು ಮಾತು ಹೇಳಲೇಬೇಕು. ನಮ್ಮ ಅಂಗಡಿಗಳಲ್ಲಿ ರೆಸಿನ್ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ಆಕ್ಸಿಲರೇಟರ್ ಬೇರೆ, ಹಾರ್ಡ್ನರ್ ಬೇರೆ ಬಾಟಲಿಯಲ್ಲಿ ಕೊಡುತ್ತಾರೆ. ಅವೆರಡನ್ನೂ ನೇರವಾಗಿ ಯಾವತ್ತೂ ಬೆರೆಸಬೇಡಿ, ಸ್ಫೋಟ ಆಗಬಹುದು. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡ್ನರ್. ಎರಡಕ್ಕೂ ಒಂದೇ ಅಳತೆ ಲೋಟ, ಒಂದೇ ಕಡ್ಡಿ ಬಳಸಬೇಡಿ. ಮೂಗಿಗೆ ಬಟ್ಟೆ ಕಟ್ಟಿದರೆ ಪ್ರಯೋಜನವಿಲ್ಲ, ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಮಲೆನಾಡಿನ ಮಳೆಗಾಲದಲ್ಲಂತೂ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಮ್ಯಾಟ್ (ಗಾಜಿನ ನಾರಿನ ಹಾಸು) ತೇವ ಹಿಡಿದರೆ ಪದರ ಪದರ ಬಿಟ್ಟುಕೊಳ್ಳುತ್ತದೆ.

ಎಷ್ಟು ಸಾಮಾನು ತರಬೇಕು ಅಂತ ಲೆಕ್ಕ ಬೇಕಾದರೆ: ಝೀರೋದಷ್ಟು ಬಾಡಿಗೆ ಅಂದಾಜು 12 ಚದರ ಮೀಟರ್ ಇಟ್ಟುಕೊಂಡರೆ, ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಮೂರು ಪದರಕ್ಕೆ 16 ಕೆ.ಜಿ., ಅದರ ಎರಡೂವರೆ ಪಟ್ಟು ರೆಸಿನ್, ಅಂದರೆ 40 ಕೆ.ಜಿ. ಮೌಲ್ಡ್ (ಅಚ್ಚು) ಖರ್ಚು ಬೇರೆ. ಒಂದೇ ಕಾರು ಮಾಡುವವರಿಗೆ ಮೌಲ್ಡ್ ಯಾಕೆ ಅಂತ ನನ್ನ ಅಭಿಪ್ರಾಯ. ಫೋಮ್ ಮೇಲೇ ನೇರ ಫೈಬರ್ ಹಾಕಿ ಉಜ್ಜಿ, ಪುಟ್ಟಿ ಹಚ್ಚಿ. ಕೈ ನೋಯುತ್ತದೆ, ದುಡ್ಡು ಉಳಿಯುತ್ತದೆ.

ಪ್ರಶ್ನೆ: ಇಂಥ ಕಾರನ್ನು ರಸ್ತೆಗೆ ಇಳಿಸಬಹುದಾ? ನಾನು ಇಂಗ್ಲೆಂಡಿನಲ್ಲಿದ್ದೇನೆ, ತಮ್ಮ ಮೈಸೂರಿನಲ್ಲಿದ್ದಾನೆ. ಎಲ್ಲಿ ಕಟ್ಟಿದರೆ ಒಳ್ಳೆಯದು?

ಉತ್ತರ: ಮೈಸೂರಿನಲ್ಲಿ ರಸ್ತೆಗೆ ಇಳಿಸುವ ಆಸೆ ಬಿಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದೆ, ಕಂಪನಿ ಕೊಟ್ಟ ಮೂಲ ರೂಪ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಹಳೆಯ ಕಾರಿನ ಆರ್‌ಸಿ ಇದಕ್ಕೆ ನಡೆಯಲ್ಲ. ಹೊಸ ಮಾದರಿ ಅಂತ ಪುಣೆಯ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐಯಂಥ ಕಡೆ ಪರೀಕ್ಷೆ ಮಾಡಿಸೋದು ಕಂಪನಿಗಳ ಕೆಲಸ, ಶೆಡ್ಡಿನಲ್ಲಿ ಒಂದು ಕಾರು ಮಾಡುವವರದ್ದಲ್ಲ. ಸ್ವಂತ ಜಾಗದಲ್ಲಿ ಓಡಿಸಲಿ, ಶೋಗೆ ಲಾರಿ ಮೇಲೆ ಹೋಗಲಿ.

ನಿಮ್ಮಲ್ಲಿ ದಾರಿ ಇದೆ. ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರಿಗೂ ಐವಿಎ ಪರೀಕ್ಷೆ (ರಸ್ತೆಗೆ ಬಿಡುವ ಮುನ್ನ ಒಂದೊಂದೇ ಗಾಡಿಗೆ ಮಾಡುವ ತಪಾಸಣೆ) ಮಾಡುತ್ತಾರೆ. ಆದರೆ ಅಲ್ಲೂ ಝೀರೋ ಸಿಕ್ಕಿಹಾಕಿಕೊಳ್ಳುತ್ತದೆ. ಡಿಪ್ ಲೈಟ್ ನೆಲದಿಂದ ಕನಿಷ್ಠ 50 ಸೆಂ.ಮೀ. ಮೇಲಿರಬೇಕು, ಝೀರೋದ ಲೈಟ್ ಪಟ್ಟಿ ಇರುವುದು ಮೂತಿಯ ತುದಿಯಲ್ಲಿ, ನೆಲಕ್ಕೆ ಹತ್ತಿರ. ಮೇಲಕ್ಕೆ ಏಳುವ ಪಾಪ್‌ಅಪ್ ಲೈಟನ್ನು ಗಾಜಿನ ಅಕ್ಕಪಕ್ಕ ಅಡಗಿಸಿಡಬೇಕಾಗುತ್ತದೆ. ಹೊರಗಿನ ಅಂಚುಗಳಿಗೆ 2.5 ಮಿ.ಮೀ. ಆದರೂ ದುಂಡು ಬೇಕು. ಚಾಕುವಿನ ಅಲಗಿನಂಥ ಮೂತಿಗೆ ಇದು ಬೇಸರದ ಸಂಗತಿಯೇ. ಪುಟ್ಟಿ ಹಚ್ಚುವಾಗಲೇ ಆ ದುಂಡು ಕೊಟ್ಟುಬಿಡಿ, ಪೇಂಟ್ ಆದ ಮೇಲೆ ಉಜ್ಜೋಕೆ ಮನಸ್ಸು ಬರಲ್ಲ.