ಫೇಜ್‌ಗೂ ಬ್ಯಾಕ್ಟೀರಿಯಾ ಬಗ್ಗದಿದ್ದರೆ?

ಆ್ಯಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ನಾಳೆ ಅದನ್ನು ಕೊಲ್ಲುವ ಫೇಜ್ ವೈರಸ್‌ಗೂ ಬಗ್ಗದೆ ಹೋದರೆ ಏನು ಗತಿ ಎಂದು ಕೇಳಿದ್ದೀರಿ. ಹೌದು, ಹಾಗೆ ಆಗೇ ಆಗುತ್ತದೆ. ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆದ ತಟ್ಟೆಗೆ ಫೇಜ್ ಹಾಕಿದರೆ, ಅವು ಸತ್ತ ಕಡೆ ತಿಳಿಯಾದ ವೃತ್ತ ಕಾಣುತ್ತದೆ. ಇನ್ನಷ್ಟು ಹೊತ್ತು ಬಿಟ್ಟರೆ ಎಷ್ಟೋ ಸಲ ಅದೇ ವೃತ್ತದೊಳಗೆ ಒಂದೆರಡು ಚುಕ್ಕಿ ಮತ್ತೆ ಬೆಳೆದಿರುತ್ತವೆ. ತಪ್ಪಿಸಿಕೊಂಡವು ಅವೇ.

ಆದರೆ ತಪ್ಪಿಸಿಕೊಳ್ಳಲು ಅವು ಬೆಲೆ ತೆರಬೇಕಾಗಬಹುದು. ನನಗೆ ತುಂಬಾ ಹಿಡಿಸಿದ್ದು ಇದೇ. ಸ್ಯೂಡೋಮೊನಾಸ್ ಎರುಜಿನೋಸಾ ಎಂಬ ಬ್ಯಾಕ್ಟೀರಿಯಾ ತನ್ನೊಳಗೆ ಬಂದ ಔಷಧವನ್ನು ಪಂಪ್ ಮಾಡಿ ಹೊರಗೆ ಹಾಕುತ್ತದೆ. ಯೇಲ್ ವಿಶ್ವವಿದ್ಯಾಲಯದವರು 2016ರಲ್ಲಿ ವರದಿ ಮಾಡಿದ ಒಎಮ್‌ಕೆಒ1 ಎಂಬ ಫೇಜ್ ಆ ಪಂಪ್‌ನ ಹೊರಬಾಯಿಯನ್ನೇ ಹಿಡಿದುಕೊಂಡು ದಾಳಿ ಮಾಡುತ್ತದೆ. ಫೇಜ್‌ನಿಂದ ಉಳಿಯಬೇಕೆಂದರೆ ಪಂಪ್ ಬದಲಾಗಬೇಕು. ಪಂಪ್ ಕೆಟ್ಟರೆ ಹಳೆಯ ಆ್ಯಂಟಿಬಯೋಟಿಕ್ ಮತ್ತೆ ಕೆಲಸ ಮಾಡುತ್ತದೆ. ಎಂಥ ಇಕ್ಕಟ್ಟು ಅಲ್ವಾ! ಅದಕ್ಕೇ ಎರಡನ್ನೂ ಜೊತೆಗೆ ಕೊಟ್ಟು ನೋಡುವುದು.

ಎಲ್ಲ ಫೇಜ್‌ಗಳೂ ಹೀಗಿರುವುದಿಲ್ಲ. ಬೇರೆ ಬೇರೆ ಕಡೆ ಹಿಡಿಯುವ ಹಲವನ್ನು ಬೆರೆಸಿ ಕೊಡುವುದೂ ಉಂಟು. ರೋಗಿಯ ಬ್ಯಾಕ್ಟೀರಿಯಾ ಮೇಲೆ ಪರೀಕ್ಷಿಸದೆ ಸುಮ್ನೆ ಯಾವುದೋ ಫೇಜ್ ಕೊಟ್ಟರೆ ಮಾತ್ರ ಕೆಲಸ ಆಗದಿರುವುದೇ ಜಾಸ್ತಿ.